ತಂಪು ಬರುತ್ತಿದ್ದರೆ ಸಾಲದು: ವಾಣಿಜ್ಯ ಕಟ್ಟಡಗಳ ಹವಾನಿಯಂತ್ರಣ ಮತ್ತು ತಾಪನ ವ್ಯವಸ್ಥೆಗಳ ಮುಂಜಾಗ್ರತಾ ನಿರ್ವಹಣೆ

ವಾಣಿಜ್ಯ ಕಟ್ಟಡಗಳಿಗೆ ತಂಪು ಅಥವಾ ಬಿಸಿ ಒದಗಿಸುವ ಯಂತ್ರಗಳನ್ನು ವರ್ಷದ ಅತ್ಯಂತ ಕಠಿಣ ದಿನಗಳನ್ನು ಲೆಕ್ಕಕ್ಕೆ ಹಿಡಿದು ಆರಿಸಲಾಗಿರುತ್ತದೆ. ಆದ್ದರಿಂದ ಉಳಿದ ದಿನಗಳಲ್ಲಿ ಅವುಗಳ ಸಾಮರ್ಥ್ಯದಲ್ಲಿ ಒಂದಷ್ಟು ಭಾಗ ಬಳಕೆಯಾಗದೆ ಉಳಿಯುತ್ತದೆ. ನಿರ್ವಹಣೆಯ ಮಟ್ಟಿಗೆ ಈ ಉಳಿಕೆಯೇ ದೊಡ್ಡ ತೊಡಕು. ಗಂಟೆಯಲ್ಲಿ 36 ನಿಮಿಷ ಓಡಿ ಕೋಣೆಗಳನ್ನು ತಂಪಾಗಿಡುತ್ತಿದ್ದ ಯಂತ್ರವು ಕೊಳೆ, ಸೋರಿಕೆ ಅಥವಾ ಸವೆತದಿಂದ ತನ್ನ ಸಾಮರ್ಥ್ಯದ ಐದನೇ ಒಂದು ಭಾಗವನ್ನು ಕಳೆದುಕೊಂಡರೆ, ಅದೇ ಕೆಲಸವನ್ನು ಮುಗಿಸಲು 45 ನಿಮಿಷ ಓಡುತ್ತದೆ. ಕೋಣೆಯಲ್ಲಿ ಕುಳಿತವರಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಥರ್ಮೋಸ್ಟಾಟ್ ಕೂಡ ಕೋಣೆಯ ತಾಪಮಾನವನ್ನು ಮಾತ್ರ ಅಳೆಯುವುದರಿಂದ ಅದೂ ಏನನ್ನೂ ಹೇಳುವುದಿಲ್ಲ. ಪೂರ್ಣ ಸಾಮರ್ಥ್ಯ ಬೇಕಾಗುವ ದಿನ ಬಂದಾಗ ಮಾತ್ರ ಕೊರತೆ ಬಯಲಾಗುತ್ತದೆ. ಅಂಥ ದಿನಗಳಲ್ಲೇ ದುರಸ್ತಿಗಾರರು ಎಲ್ಲ ಕಡೆಯಿಂದಲೂ ಬರುವ ಕರೆಗಳಲ್ಲಿ ಮುಳುಗಿರುತ್ತಾರೆ, ಬಿಡಿಭಾಗಗಳು ಸುಲಭವಾಗಿ ಸಿಗುವುದಿಲ್ಲ.

ಮುಂಜಾಗ್ರತಾ ನಿರ್ವಹಣೆಯೆಂದರೆ ಹೀಗೆ ಮರೆಯಾಗಿರುವ ಕುಸಿತವನ್ನು ಅಳತೆಗಳ ಮೂಲಕ ಹೊರಗೆಳೆಯುವ ಕೆಲಸ. ಫಿಲ್ಟರ್ ತೊಳೆಯುವುದು, ಗ್ರೀಸ್ ಹಾಕುವುದು, ಬೆಲ್ಟ್ ಬದಲಿಸುವುದು ಇವೆಲ್ಲ ಅದರ ಭಾಗಗಳೇ ಆದರೂ, ಅಳತೆಯಿಲ್ಲದೆ ಮಾಡಿದ ಶುಚಿಕಾರ್ಯದಿಂದ ಯಂತ್ರಕ್ಕೆ ಎಷ್ಟು ಪ್ರಯೋಜನವಾಯಿತೆಂದು ಯಾರೂ ಹೇಳಲಾರರು. ಕಟ್ಟಡದ ಮಾಲೀಕರು, ಸೌಲಭ್ಯ ವ್ಯವಸ್ಥಾಪಕರು ಮತ್ತು ನಿರ್ವಹಣಾ ಮೇಲ್ವಿಚಾರಕರು ಇಂಥ ಕಾರ್ಯಕ್ರಮವೊಂದನ್ನು ಮೊದಲಿನಿಂದ ರೂಪಿಸುವ ಕ್ರಮವನ್ನು ಮುಂದೆ ವಿವರಿಸಲಾಗಿದೆ.

ಮೊದಲ ಹೆಜ್ಜೆ: ಯಂತ್ರಗಳ ಪಟ್ಟಿ ಮತ್ತು ಆಧಾರ ಅಳತೆಗಳು

ಕಟ್ಟಡದಲ್ಲಿರುವ ಪ್ರತಿಯೊಂದು ಘಟಕಕ್ಕೂ ಒಂದು ಸಂಖ್ಯೆ ಕೊಟ್ಟು, ಆ ಸಂಖ್ಯೆಯನ್ನು ಯಂತ್ರದ ಮೇಲೆಯೇ ಅಳಿಸಿಹೋಗದಂತೆ ಬರೆಯಬೇಕು. ಪಟ್ಟಿಯಲ್ಲಿ ಮಾದರಿ, ಕ್ರಮಸಂಖ್ಯೆ, ಅಳವಡಿಸಿದ ವರ್ಷ, ಯಂತ್ರದಲ್ಲಿರುವ ಶೀತಕದ (ಶಾಖವನ್ನು ಹೊತ್ತೊಯ್ಯುವ, ರೂಢಿಯಲ್ಲಿ ಗ್ಯಾಸ್ ಎನ್ನುವ ದ್ರವ್ಯದ) ಹೆಸರು ಮತ್ತು ತೂಕ, ಮೋಟಾರಿನ ಪೂರ್ಣ ಹೊರೆಯ ಕರೆಂಟ್, ಬೆಲ್ಟಿನ ಅಳತೆ, ಫಿಲ್ಟರುಗಳ ಅಳತೆ ಮತ್ತು ಸಂಖ್ಯೆ ಇರಬೇಕು. ನಾಮಫಲಕಗಳು ಬಿಸಿಲು ಮಳೆಗೆ ಮಾಸಿಹೋಗುತ್ತವೆ. ಓದಲು ಸಾಧ್ಯವಿರುವಾಗಲೇ ಅವುಗಳ ಚಿತ್ರ ತೆಗೆದಿಡುವುದು ಮುಂದೆ ಬಹಳ ಶ್ರಮ ಉಳಿಸುತ್ತದೆ.

ಅನಂತರ ಯಂತ್ರವನ್ನು ಒಮ್ಮೆ ಪೂರ್ತಿಯಾಗಿ ಶುಚಿಗೊಳಿಸಿ, ಸರಿಯಾದ ಸ್ಥಿತಿಗೆ ತಂದು, ಆ ಸ್ಥಿತಿಯಲ್ಲಿ ಅದರ ಅಳತೆಗಳನ್ನು ದಾಖಲಿಸಬೇಕು. ಒಳಬರುವ ಮತ್ತು ಹೊರಹೋಗುವ ಗಾಳಿಯ ತಾಪಮಾನ, ಚಿಲ್ಲರ್ (ನೀರನ್ನು ತಣಿಸಿ ಕಟ್ಟಡಕ್ಕೆ ಕಳಿಸುವ ಯಂತ್ರ) ಇದ್ದರೆ ಒಳಬರುವ ಮತ್ತು ಹೊರಹೋಗುವ ನೀರಿನ ತಾಪಮಾನ, ಶೀತಕವನ್ನು ಒತ್ತಿ ಸುತ್ತಿಸುವ ಕಂಪ್ರೆಸರಿನ ಎರಡೂ ಬದಿಯ ಒತ್ತಡ, ಮೂರೂ ಫೇಸ್‌ಗಳ ಕರೆಂಟ್ ಮತ್ತು ವೋಲ್ಟೇಜ್, ಫಿಲ್ಟರಿನ ಎರಡು ಬದಿಗಳ ನಡುವಿನ ಒತ್ತಡದ ವ್ಯತ್ಯಾಸ ಇವು ಮುಖ್ಯವಾದವು. ಇವುಗಳ ಜೊತೆಗೆ ಆ ಹೊತ್ತಿನ ಹೊರಗಿನ ತಾಪಮಾನವನ್ನೂ ಯಂತ್ರದ ಮೇಲಿದ್ದ ಹೊರೆಯನ್ನೂ ಬರೆಯದಿದ್ದರೆ ಉಳಿದೆಲ್ಲ ಅಂಕಿಗಳು ಅರ್ಥ ಕಳೆದುಕೊಳ್ಳುತ್ತವೆ. ಹೊರಗೆ 24 ಡಿಗ್ರಿ ಸೆಲ್ಸಿಯಸ್ ಇದ್ದಾಗ ತೆಗೆದ ಒತ್ತಡದ ರೀಡಿಂಗನ್ನು 36 ಡಿಗ್ರಿ ಇದ್ದಾಗ ತೆಗೆದ ರೀಡಿಂಗಿನೊಂದಿಗೆ ಹೋಲಿಸಿ ಯಂತ್ರ ಕೆಟ್ಟಿದೆ ಎಂದು ತೀರ್ಮಾನಿಸುವುದು ಸಾಮಾನ್ಯವಾಗಿ ಆಗುವ ತಪ್ಪು. ಅದೇ ಜಾಗದಲ್ಲಿ, ಸಾಧ್ಯವಾದರೆ ಅದೇ ಉಪಕರಣದಿಂದ, ಹತ್ತಿರಹತ್ತಿರದ ಸ್ಥಿತಿಯಲ್ಲಿ ಅಳೆದಾಗ ಮಾತ್ರ ಹೋಲಿಕೆಗೆ ಬೆಲೆಯಿದೆ.

ಎರಡನೆಯ ಹೆಜ್ಜೆ: ಯಾವುದಕ್ಕೆ ಎಷ್ಟು ಬಾರಿ

ಕೆಲಸಗಳ ಅವಧಿಯನ್ನು ನಿರ್ಧರಿಸಲು ತಯಾರಕರ ಕೈಪಿಡಿಯೇ ಮೊದಲ ಆಧಾರ. ಅದರ ಜೊತೆಗೆ ಹವಾನಿಯಂತ್ರಣ ಕ್ಷೇತ್ರದ ಅಮೆರಿಕದ ಆಶ್ರೇ (ಎಂಜಿನಿಯರುಗಳ ಸಂಘ) ಮತ್ತು ಎಸಿಸಿಎ (ಗುತ್ತಿಗೆದಾರರ ಸಂಘ) ಸಂಸ್ಥೆಗಳು ಸೇರಿ 2008ರಲ್ಲಿ ಮೊದಲ ಬಾರಿಗೆ ಹೊರತಂದ ಸ್ಟ್ಯಾಂಡರ್ಡ್ 180 ಎಂಬ ಮಾನದಂಡವಿದೆ. ವಾಣಿಜ್ಯ ಕಟ್ಟಡಗಳ ಹವಾನಿಯಂತ್ರಣ ವ್ಯವಸ್ಥೆಗಳಲ್ಲಿ ಯಾವ ಭಾಗವನ್ನು ಕನಿಷ್ಠ ಎಷ್ಟು ಬಾರಿ ಪರಿಶೀಲಿಸಬೇಕೆಂಬುದನ್ನು ಅದು ಪಟ್ಟಿ ಮಾಡುತ್ತದೆ. ಕಟ್ಟಡದ ಬಳಕೆಯನ್ನು ಅರಿತವರು ಈ ಎರಡನ್ನೂ ತಮ್ಮ ಸ್ಥಿತಿಗೆ ಹೊಂದಿಸಿಕೊಳ್ಳಬೇಕಾಗುತ್ತದೆ. ಅಡುಗೆಮನೆಯ ಎಣ್ಣೆಯ ಹಬೆ ಸೇರುವ ಗಾಳಿ, ಕಡಲ ಉಪ್ಪಿನ ಗಾಳಿ, ಪಕ್ಕದಲ್ಲೇ ನಡೆಯುತ್ತಿರುವ ಕಟ್ಟಡ ಕಾಮಗಾರಿಯ ಧೂಳು, ದಿನದ 24 ಗಂಟೆಯೂ ಓಡುವ ಸರ್ವರ್ ಕೋಣೆ ಇವುಗಳಿಗೆ ಕೈಪಿಡಿಯ ಅವಧಿ ಸಾಕಾಗುವುದಿಲ್ಲ. ತದ್ವಿರುದ್ಧವಾಗಿ, ಅಪರೂಪಕ್ಕೆ ತೆರೆಯುವ ಸಭಾಂಗಣದ ಫಿಲ್ಟರನ್ನು ದಿನಾಂಕ ಬಂತೆಂಬ ಒಂದೇ ಕಾರಣಕ್ಕೆ ಬದಲಿಸುವುದು ದುಂದುವೆಚ್ಚ.

ಪ್ರತಿ ಯಂತ್ರದ ಬಗ್ಗೆಯೂ ಒಂದು ಪ್ರಶ್ನೆ ಕೇಳಿಕೊಳ್ಳುವುದು ಒಳ್ಳೆಯದು: ಇದು ನಿಂತರೆ ಎಷ್ಟು ಹೊತ್ತಿನಲ್ಲಿ ಯಾರಿಗೆ ತೊಂದರೆಯಾಗುತ್ತದೆ? ಉತ್ತರ ನಿಮಿಷಗಳಲ್ಲಿ ಬರುವ ಯಂತ್ರಗಳಿಗೆ ತಿಂಗಳ ತಪಾಸಣೆ ಬೇಕು. ಶೌಚಾಲಯದ ಸಣ್ಣ ಎಕ್ಸಾಸ್ಟ್ ಫ್ಯಾನಿನಂಥವುಗಳನ್ನು ಕೆಡುವವರೆಗೂ ಓಡಿಸಿ ಬದಲಿಸುವುದೇ ಅಗ್ಗ, ಅದರಲ್ಲಿ ಸಂಕೋಚಪಡಬೇಕಾದದ್ದೇನೂ ಇಲ್ಲ. ತಂಪಾಗಿಸುವ ಭಾಗದ ವಾರ್ಷಿಕ ಕೆಲಸವನ್ನು ಬೇಸಿಗೆ ಬರುವ ಮೊದಲು, ಬಿಸಿ ಮಾಡುವ ಭಾಗದ ಕೆಲಸವನ್ನು ಚಳಿಗಾಲಕ್ಕೆ ಮೊದಲು ಮುಗಿಸುವಂತೆ ದಿನಗಳನ್ನು ಹಂಚಬೇಕು.

ಮೂರನೆಯ ಹೆಜ್ಜೆ: ಗಾಳಿಯ ದಾರಿ

ಕಂಪ್ರೆಸರ್ ಸುಟ್ಟಿತೆಂಬ ಸುದ್ದಿಯ ಮೂಲವನ್ನು ಹುಡುಕುತ್ತ ಹೋದರೆ ಹಲವು ಸಲ ಒಂದು ಕಟ್ಟಿದ ಫಿಲ್ಟರ್ ಸಿಗುತ್ತದೆ. ಫಿಲ್ಟರಿನಲ್ಲಿ ಧೂಳು ತುಂಬಿ ಗಾಳಿಯ ಹರಿವು ಕುಗ್ಗಿದಾಗ ಒಳಗಿನ ಗಾಳಿಯಿಂದ ಶಾಖ ಹೀರುವ ಇವಾಪೊರೇಟರ್ ಕಾಯಿಲಿಗೆ (ಶೀತಕ ಹರಿಯುವ ಕೊಳವೆಗಳ ಸುರುಳಿಗೆ) ಸಿಗುವ ಶಾಖವೂ ಕುಗ್ಗುತ್ತದೆ. ಕಾಯಿಲಿನ ತಾಪಮಾನ ಸೊನ್ನೆ ಡಿಗ್ರಿಗಿಂತ ಕೆಳಗಿಳಿದು ಅದರ ಮೇಲೆ ಹಿಮ ಕಟ್ಟುತ್ತದೆ. ಹಿಮವು ಉಳಿದ ಗಾಳಿಯ ದಾರಿಯನ್ನೂ ಮುಚ್ಚುತ್ತದೆ. ಆಗ ಪೂರ್ತಿ ಆವಿಯಾಗದ ಶೀತಕವು ದ್ರವರೂಪದಲ್ಲೇ ಕಂಪ್ರೆಸರಿಗೆ ಮರಳಿ, ಅಲ್ಲಿನ ಎಣ್ಣೆಯನ್ನು ತೆಳುವಾಗಿಸಿ, ಬೇರಿಂಗುಗಳಿಂದ ಅದನ್ನು ತೊಳೆದುಬಿಡುತ್ತದೆ. ಬಿಸಿಗಾಳಿಯ ಫರ್ನೇಸ್‌ನಲ್ಲಿ ಇದೇ ಕೊರತೆ ಬೇರೆ ರೂಪ ತಾಳುತ್ತದೆ: ಶಾಖವನ್ನು ಹೊತ್ತೊಯ್ಯಲು ಸಾಕಷ್ಟು ಗಾಳಿಯಿಲ್ಲದೆ ಶಾಖ ವಿನಿಮಯಕದ ಲೋಹ ಅತಿಯಾಗಿ ಕಾದು, ಸುರಕ್ಷತಾ ಸ್ವಿಚ್ ಮತ್ತೆ ಮತ್ತೆ ಬರ್ನರನ್ನು ನಿಲ್ಲಿಸುತ್ತದೆ, ಕಾಲಕ್ರಮದಲ್ಲಿ ಲೋಹ ಬಿರಿಯುತ್ತದೆ.

ಫಿಲ್ಟರನ್ನು ಬದಲಿಸುವ ದಿನವನ್ನು ಅದರ ಎರಡು ಬದಿಗಳ ಒತ್ತಡದ ವ್ಯತ್ಯಾಸವೇ ನಿರ್ಧರಿಸಲಿ. ಈ ವ್ಯತ್ಯಾಸವನ್ನು ತೋರಿಸುವ ಸಣ್ಣ ಗೇಜ್ ದುಬಾರಿ ವಸ್ತುವೇನಲ್ಲ. ಹೊಸ ಫಿಲ್ಟರ್ ಹಾಕಿದಾಗಿನ ಅಂಕಿಯನ್ನು ಗೇಜಿನ ಪಕ್ಕದಲ್ಲಿ ಬರೆದು, ತಯಾರಕರು ಹೇಳಿರುವ ಅಂತಿಮ ಮಿತಿಯನ್ನು ಗುರುತು ಮಾಡಬೇಕು. ಅನೇಕ ಫಿಲ್ಟರುಗಳಿಗೆ ಈ ಮಿತಿ 250 ಪಾಸ್ಕಲ್ ಆಸುಪಾಸಿನಲ್ಲಿರುತ್ತದೆ. ಆದರೆ ಫ್ಯಾನಿಗೆ ಅಷ್ಟು ಪ್ರತಿರೋಧವನ್ನು ತಾಳುವ ಶಕ್ತಿ ಇಲ್ಲದಿದ್ದರೆ ಅದಕ್ಕೂ ಮೊದಲೇ ಬದಲಿಸಬೇಕಾಗುತ್ತದೆ. ಗೇಜ್ ಇದ್ದಕ್ಕಿದ್ದಂತೆ ಕಡಿಮೆ ಅಂಕಿ ತೋರಿಸಿದರೆ ಸಮಾಧಾನಪಡುವಂತಿಲ್ಲ. ಫಿಲ್ಟರ್ ಹರಿದಿರಬಹುದು, ಚೌಕಟ್ಟಿನಿಂದ ಜಾರಿರಬಹುದು, ಇಲ್ಲವೇ ಫ್ಯಾನಿನ ಬೆಲ್ಟ್ ಜಾರುತ್ತಿರಬಹುದು. ಫಿಲ್ಟರಿನ ಗುಣಮಟ್ಟವನ್ನು ಆಶ್ರೇ 52.2 ಮಾನದಂಡದ ಮರ್ವ್ ಅಂಕದಲ್ಲಿ, 1ರಿಂದ 16ರವರೆಗೆ, ಹೇಳುವ ರೂಢಿಯಿದೆ. ಅಂಕ ಏರಿದಂತೆ ಸಣ್ಣ ಕಣಗಳು ಹೆಚ್ಚು ಸಿಕ್ಕಿಬೀಳುತ್ತವೆ, ಸಾಮಾನ್ಯವಾಗಿ ಗಾಳಿಗೆ ಪ್ರತಿರೋಧವೂ ಏರುತ್ತದೆ. ಫ್ಯಾನಿನ ಸಾಮರ್ಥ್ಯ ನೋಡದೆ ಮರ್ವ್ 8ರ ಜಾಗದಲ್ಲಿ 13 ಹಾಕಿದರೆ ಮೇಲೆ ಹೇಳಿದ ತೊಂದರೆಗಳನ್ನೆಲ್ಲ ಕೈಯಾರೆ ಕರೆದಂತಾಗುತ್ತದೆ.

ಫ್ಯಾನಿಗೆ ವೇಗ ಬದಲಿಸುವ ಡ್ರೈವ್ ಇದ್ದರೆ ಎಚ್ಚರ ಇನ್ನೂ ಹೆಚ್ಚು ಬೇಕು. ಗಾಳಿಯ ಹರಿವು ಕುಗ್ಗಿದ್ದನ್ನು ಡ್ರೈವ್ ತಾನೇ ಗ್ರಹಿಸಿ ಫ್ಯಾನಿನ ವೇಗ ಏರಿಸುತ್ತದೆ. ಕೋಣೆಯಲ್ಲಿ ಯಾರಿಗೂ ಏನೂ ಗೊತ್ತಾಗುವುದಿಲ್ಲ. ಫ್ಯಾನ್ ಬೇಡುವ ಶಕ್ತಿ ವೇಗದ ಘನಕ್ಕೆ ಅನುಪಾತದಲ್ಲಿರುವುದರಿಂದ ವೇಗ ಶೇ 10ರಷ್ಟು ಏರಿದರೆ ವಿದ್ಯುತ್ ಸುಮಾರು ಶೇ 33ರಷ್ಟು ಹೆಚ್ಚು ಬೇಕಾಗುತ್ತದೆ. ಹಾಗಾಗಿ ಡ್ರೈವಿನ ಆವರ್ತನವನ್ನೂ ಪ್ರತಿ ತಪಾಸಣೆಯಲ್ಲಿ ಬರೆದಿಡಬೇಕು.

ಕಾಯಿಲುಗಳ ಶುಚಿತ್ವದಲ್ಲಿ ಹೊರಗಿರುವ ಕಂಡೆನ್ಸರಿಗೆ ಮೊದಲ ಸ್ಥಾನ ಕೊಡಬೇಕು. ಕಟ್ಟಡದಿಂದ ಹೀರಿದ ಶಾಖವೆಲ್ಲ ಹೊರಹೋಗುವುದು ಅಲ್ಲಿಂದಲೇ. ಅದು ಕೊಳೆಯಾದರೆ ಶೀತಕವು ದ್ರವವಾಗುವ ತಾಪಮಾನ ಮೇಲೇರುತ್ತದೆ. ಈ ತಾಪಮಾನ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಕಂಪ್ರೆಸರ್ ಬಳಸುವ ವಿದ್ಯುತ್ ಅಂದಾಜು ಶೇ 2ರಿಂದ 3ರಷ್ಟು ಹೆಚ್ಚುತ್ತದೆ. ಕಂಪ್ರೆಸರಿಗೆ 100 ಕಿಲೋವ್ಯಾಟ್ ಬೇಕಾಗುವ ಯಂತ್ರವೊಂದು ವರ್ಷಕ್ಕೆ 3,000 ಗಂಟೆ ಓಡುತ್ತದೆಂದು ಊಹಿಸಿದರೆ ಅದರ ಬಳಕೆ 3 ಲಕ್ಷ ಯೂನಿಟ್. ಕೊಳೆಯಿಂದಾಗಿ ತಾಪಮಾನ ನಾಲ್ಕು ಡಿಗ್ರಿ ಏರಿದರೆ ಸುಮಾರು 30,000 ಯೂನಿಟ್ ವ್ಯರ್ಥವಾಗುತ್ತದೆ. ಇದನ್ನು ತಮ್ಮ ವಿದ್ಯುತ್ ದರದಿಂದ ಗುಣಿಸಿ, ಕಾಯಿಲ್ ತೊಳೆಸುವ ಖರ್ಚಿನ ಪಕ್ಕದಲ್ಲಿಟ್ಟು ನೋಡಿದವರಿಗೆ ನಿರ್ವಹಣೆಯ ಬೆಲೆಯ ಬಗ್ಗೆ ಬೇರೆ ವಾದ ಬೇಕಾಗದು.

ತೊಳೆಯುವಾಗ ನೀರನ್ನು ಸಾಧ್ಯವಾದಷ್ಟೂ ಗಾಳಿ ಹರಿಯುವ ದಿಕ್ಕಿಗೆ ಎದುರಾಗಿ, ಕಡಿಮೆ ಒತ್ತಡದಲ್ಲಿ ಹಾಯಿಸಬೇಕು. ವಾಹನ ತೊಳೆಯುವ ಅಧಿಕ ಒತ್ತಡದ ಪಂಪು ತೆಳುವಾದ ಅಲ್ಯೂಮಿನಿಯಂ ರೆಕ್ಕೆಗಳನ್ನು ಮಡಚಿ, ಕೊಳೆಗಿಂತ ಹೆಚ್ಚು ಹಾನಿ ಮಾಡುತ್ತದೆ. ಎರಡು ಸಾಲಿನ ಕಾಯಿಲುಗಳಲ್ಲಿ ಹೊರಸಾಲು ಹೊಳೆಯುತ್ತಿದ್ದು, ಸಾಲುಗಳ ನಡುವೆ ಧೂಳಿನ ಪದರ ಕುಳಿತಿರುವುದುಂಟು. ಸಾಲುಗಳನ್ನು ಬಿಡಿಸಿ ನೋಡದೆ ಶುಚಿಯಾಯಿತೆಂದು ಬರೆಯಬಾರದು. ರಾಸಾಯನಿಕ ಬಳಸಿದರೆ ಅದು ಆ ಲೋಹಕ್ಕೆ ತಕ್ಕದ್ದೇ ಎಂದು ಖಚಿತಪಡಿಸಿಕೊಂಡು, ಕೊನೆಯಲ್ಲಿ ಧಾರಾಳವಾಗಿ ನೀರು ಹಾಯಿಸಬೇಕು.

ಬೆಲ್ಟುಗಳ ವಿಷಯ ಬೇಗ ಮುಗಿಯುತ್ತದೆ. ಹೊಸ ಬೆಲ್ಟ್ ಮೊದಲ ಒಂದೆರಡು ದಿನ ಓಡಿದ ಮೇಲೆ ಹಿಗ್ಗುವುದರಿಂದ ಮತ್ತೊಮ್ಮೆ ಬಿಗಿಮಾಡಬೇಕು. ಜೋಡಿಯಾಗಿರುವ ಬೆಲ್ಟುಗಳಲ್ಲಿ ಒಂದು ಹಾಳಾದರೂ ಎಲ್ಲವನ್ನೂ ಒಟ್ಟಿಗೆ ಬದಲಿಸಬೇಕು. ಪುಲ್ಲಿಗಳು ಒಂದೇ ನೇರದಲ್ಲಿವೆಯೇ ಎಂದು ನೋಡಬೇಕು. ಅತಿಯಾಗಿ ಬಿಗಿದ ಬೆಲ್ಟ್ ಬೇರಿಂಗನ್ನು ತಿನ್ನುತ್ತದೆ. ಗ್ರೀಸನ್ನೂ ತಯಾರಕರು ಹೇಳಿದ ಬಗೆಯದನ್ನೇ ಹೇಳಿದಷ್ಟೇ ಹಾಕಬೇಕು, ಏಕೆಂದರೆ ತುಂಬಿ ತುಳುಕುವ ಗ್ರೀಸಿನಿಂದಲೂ ಬೇರಿಂಗ್ ಅತಿಯಾಗಿ ಬಿಸಿಯಾಗುತ್ತದೆ. ಇವಾಪೊರೇಟರಿನ ಕೆಳಗಿನ ತಟ್ಟೆ ಮತ್ತು ಡ್ರೈನ್ ಪೈಪಿನಲ್ಲಿ ಲೋಳೆ ಕಟ್ಟದಂತೆ ನೋಡಿಕೊಳ್ಳಬೇಕು. ತಟ್ಟೆಗೆ ಒಂದಷ್ಟು ನೀರು ಸುರಿದು ಅದು ಸರಾಗವಾಗಿ ಹರಿದುಹೋಗುವುದನ್ನು ಕಣ್ಣಾರೆ ಕಂಡ ಮೇಲೆಯೇ ಪಟ್ಟಿಯಲ್ಲಿ ಗುರುತು ಹಾಕಬೇಕು.

ನಾಲ್ಕನೆಯ ಹೆಜ್ಜೆ: ಶೀತಕದ ಸುತ್ತು

ಪ್ರತಿ ವರ್ಷ ಗ್ಯಾಸ್ ತುಂಬಿಸುವುದನ್ನೇ ನಿರ್ವಹಣೆ ಎಂದು ತಿಳಿದಿರುವವರು ಕಡಿಮೆಯೇನಿಲ್ಲ. ಶೀತಕದ ಸುತ್ತು ಮುಚ್ಚಿದ ಸುತ್ತು. ಅದರಲ್ಲಿರುವ ಗ್ಯಾಸ್ ಬಳಸಿದಂತೆ ಖರ್ಚಾಗುವ ವಸ್ತುವಲ್ಲ. ಅದು ಕಡಿಮೆಯಾಗಿದೆ ಎಂದರೆ ಎಲ್ಲೋ ಸೋರುತ್ತಿದೆ ಎಂದೇ ಅರ್ಥ. ಸೋರಿಕೆಯನ್ನು ಹುಡುಕದೆ ಮತ್ತೆ ತುಂಬಿಸುವುದೆಂದರೆ ಅದೇ ಖರ್ಚನ್ನು ಮುಂದಿನ ವರ್ಷಕ್ಕೂ ಕಾಯ್ದಿರಿಸಿದ ಹಾಗೆ. ಕೀಲುಗಳ ಬಳಿ ಎಣ್ಣೆಯ ಜಿಡ್ಡು ಕಂಡರೆ ಅದು ಸೋರಿಕೆಯ ಮೊದಲ ಸುಳಿವು. ಅನಂತರ ಎಲೆಕ್ಟ್ರಾನಿಕ್ ಶೋಧಕದಿಂದಲೋ ಸೋಪಿನ ನೀರಿನಿಂದಲೋ ಜಾಗವನ್ನು ಖಚಿತಪಡಿಸಿಕೊಳ್ಳಬೇಕು. ಒತ್ತಡ ಪರೀಕ್ಷೆಗೆ ಒಣ ನೈಟ್ರೋಜನ್ ಬಳಸಬೇಕು. ಆಮ್ಲಜನಕವನ್ನು ಯಾವ ಕಾರಣಕ್ಕೂ ಬಳಸಕೂಡದು; ಕಂಪ್ರೆಸರಿನ ಎಣ್ಣೆಯೊಂದಿಗೆ ಸೇರಿ ಅದು ಸ್ಫೋಟಿಸುತ್ತದೆ.

ಗ್ಯಾಸ್ ನಿಜವಾಗಿಯೂ ಕಡಿಮೆಯಾಗಿದೆಯೇ ಎಂಬುದನ್ನು ಎರಡು ಅಳತೆಗಳು ಹೇಳುತ್ತವೆ. ಶೀತಕವು ಪೂರ್ತಿ ಆವಿಯಾದ ಮೇಲೆ ಇನ್ನೆಷ್ಟು ಡಿಗ್ರಿ ಬಿಸಿಯಾಗಿದೆ ಎಂಬುದು ಸೂಪರ್‌ಹೀಟ್. ಪೂರ್ತಿ ದ್ರವವಾದ ಮೇಲೆ ಇನ್ನೆಷ್ಟು ಡಿಗ್ರಿ ತಣಿದಿದೆ ಎಂಬುದು ಸಬ್‌ಕೂಲಿಂಗ್. ಗ್ಯಾಸ್ ಕಡಿಮೆಯಿದ್ದರೆ ಹೀರುವ ಬದಿಯ ಒತ್ತಡ ಇಳಿಯುತ್ತದೆ, ಸೂಪರ್‌ಹೀಟ್ ಏರುತ್ತದೆ, ಸಬ್‌ಕೂಲಿಂಗ್ ಇಳಿಯುತ್ತದೆ. ಫಿಲ್ಟರ್ ಕಟ್ಟಿ ಗಾಳಿ ಕಡಿಮೆಯಾದಾಗಲೂ ಹೀರುವ ಬದಿಯ ಒತ್ತಡ ಇಳಿಯುತ್ತದೆ. ಆದರೆ ಸೂಪರ್‌ಹೀಟ್ ಏರುವುದಿಲ್ಲ, ಇದ್ದಲ್ಲೇ ಇರುತ್ತದೆ ಅಥವಾ ಇಳಿಯುತ್ತದೆ. ಒತ್ತಡದ ಮುಳ್ಳನ್ನು ಮಾತ್ರ ನೋಡಿ ಗ್ಯಾಸ್ ತುಂಬುವವರು ಎರಡನೆಯ ಸಂದರ್ಭದಲ್ಲಿ ಯಂತ್ರಕ್ಕೆ ಅನಗತ್ಯವಾಗಿ ಹೆಚ್ಚು ಗ್ಯಾಸ್ ತುಂಬಿ, ಒಂದಿದ್ದ ತೊಂದರೆಯನ್ನು ಎರಡು ಮಾಡಿ ಹೋಗುತ್ತಾರೆ. ಗ್ಯಾಸ್ ತುಂಬಬೇಕೆಂಬ ಸಲಹೆ ಬಂದಾಗಲೆಲ್ಲ ಈ ಎರಡು ಅಂಕಿಗಳನ್ನು ಬರೆದುಕೊಡಿ ಎಂದು ಕೇಳುವ ಹಕ್ಕು ಯಂತ್ರದ ಮಾಲೀಕರಿಗಿದೆ.

ಪ್ರತಿ ಭೇಟಿಯಲ್ಲೂ ಒತ್ತಡದ ಗೇಜುಗಳನ್ನು ಜೋಡಿಸುವುದು ಅಗತ್ಯವೆಂದು ನನಗೆ ಅನ್ನಿಸುವುದಿಲ್ಲ. ಜೋಡಿಸಿ ಬಿಚ್ಚುವಾಗೆಲ್ಲ ಸ್ವಲ್ಪ ಗ್ಯಾಸ್ ಹೊರಹೋಗುತ್ತದೆ, ಕವಾಟಗಳೂ ಸವೆಯುತ್ತವೆ. ಗಾಳಿಯ ಮತ್ತು ಪೈಪುಗಳ ತಾಪಮಾನ ಹಾಗೂ ಕರೆಂಟ್ ಹಿಂದಿನಂತೆಯೇ ಇದ್ದರೆ ಗೇಜನ್ನು ಪೆಟ್ಟಿಗೆಯಲ್ಲೇ ಬಿಡಬಹುದು.

ಸೋರಿಕೆಯನ್ನು ತಡೆಯಲು ಇನ್ನೊಂದು ಕಾರಣವೂ ಇದೆ. ವ್ಯಾಪಕವಾಗಿ ಬಳಕೆಯಲ್ಲಿರುವ ಆರ್-410ಎ ಶೀತಕದ ಒಂದು ಕಿಲೋ ವಾತಾವರಣ ಸೇರಿದರೆ, ನೂರು ವರ್ಷಗಳ ಲೆಕ್ಕದಲ್ಲಿ, ಸುಮಾರು 2,088 ಕಿಲೋ ಇಂಗಾಲದ ಡೈಆಕ್ಸೈಡಿನಷ್ಟು ಭೂಮಿಯನ್ನು ಬಿಸಿಮಾಡುತ್ತದೆ. ಆರ್-32ಕ್ಕೆ ಈ ಅಂಕಿ 675. ಓಝೋನ್ ಪದರಕ್ಕೆ ಹಾನಿ ಮಾಡುವ ಆರ್-22ರಂಥವುಗಳನ್ನು 1987ರ ಮಾಂಟ್ರಿಯಲ್ ಒಪ್ಪಂದದಡಿ ಹಂತಹಂತವಾಗಿ ಕೈಬಿಡಲಾಗುತ್ತಿದೆ. 2016ರ ಕಿಗಾಲಿ ತಿದ್ದುಪಡಿಯು ಅವುಗಳ ನಂತರ ಬಂದ ಎಚ್‌ಎಫ್‌ಸಿ ಶೀತಕಗಳ ಬಳಕೆಯನ್ನೂ ತಗ್ಗಿಸುತ್ತಿದೆ. ಹಾಗಾಗಿ ಹಳೆಯ ಯಂತ್ರಗಳಿಗೆ ಬೇಕಾದ ಗ್ಯಾಸ್ ಮುಂದೆ ಸುಲಭವಾಗಿ ಸಿಗುತ್ತದೆಂದು ನಂಬಿ ಕೂರುವಂತಿಲ್ಲ. ಯಂತ್ರಕ್ಕೆ ತುಂಬಿದ ಮತ್ತು ತೆಗೆದ ಶೀತಕದ ತೂಕವನ್ನು ಪ್ರತಿ ಬಾರಿ ದಾಖಲಿಸಬೇಕು. ಆರ್-32 ಸೌಮ್ಯವಾಗಿ ಹೊತ್ತಿಕೊಳ್ಳುವ ಗುಣದ್ದಾದ್ದರಿಂದ ಅದಕ್ಕೆ ತಕ್ಕ ಉಪಕರಣ ಮತ್ತು ತರಬೇತಿ ಇಲ್ಲದವರು ಅದನ್ನು ಮುಟ್ಟಬಾರದು.

ಐದನೆಯ ಹೆಜ್ಜೆ: ಚಿಲ್ಲರ್ ಮತ್ತು ಕೂಲಿಂಗ್ ಟವರಿನ ನೀರು

ನೀರಿನಿಂದ ತಣಿಯುವ ಚಿಲ್ಲರುಗಳಲ್ಲಿ ಕಂಡೆನ್ಸರಿನ ತಾಮ್ರದ ಕೊಳವೆಗಳ ಒಳಗೆ ಸುಣ್ಣದ ಪದರ ಕಟ್ಟುವುದು ಮುಖ್ಯ ಸಮಸ್ಯೆ. ಈ ಪದರ ಶಾಖವನ್ನು ತಾಮ್ರಕ್ಕಿಂತ ನೂರಕ್ಕೂ ಹೆಚ್ಚು ಪಟ್ಟು ಕಡಿಮೆ ಸಾಗಿಸುವುದರಿಂದ, ತೀರಾ ತೆಳುವಾಗಿದ್ದರೂ ಅದರ ಪರಿಣಾಮ ವಿದ್ಯುತ್ ಬಿಲ್ಲಿನಲ್ಲಿ ಕಾಣಿಸುತ್ತದೆ. ಕೊಳವೆಗಳನ್ನು ಬಿಚ್ಚದೆಯೇ ಇದನ್ನು ಅರಿಯುವ ದಾರಿ ಇದೆ: ಶೀತಕ ದ್ರವವಾಗುವ ತಾಪಮಾನಕ್ಕೂ ಕಂಡೆನ್ಸರಿನಿಂದ ಹೊರಬರುವ ನೀರಿನ ತಾಪಮಾನಕ್ಕೂ ಇರುವ ಅಂತರವನ್ನು, ಅಂದರೆ ಅಪ್ರೋಚ್ ಎಂದು ಕರೆಯುವ ಅಂಕಿಯನ್ನು, ಒಂದೇ ಬಗೆಯ ಹೊರೆಯಲ್ಲಿ ಬರೆಯುತ್ತ ಬರಬೇಕು. ತಿಂಗಳಿಂದ ತಿಂಗಳಿಗೆ ಈ ಅಂತರ ಹಿಗ್ಗುತ್ತಿದ್ದರೆ ಕೊಳವೆಗಳನ್ನು ಬ್ರಷ್ ಹಾಕಿ ಉಜ್ಜುವ ಹೊತ್ತು ಹತ್ತಿರವಾಗಿದೆ. ಕಂಡೆನ್ಸರಿನಿಂದ ಬರುವ ಬಿಸಿ ನೀರನ್ನು ಗಾಳಿಗೊಡ್ಡಿ ತಣಿಸುವ ಕೂಲಿಂಗ್ ಟವರಿನಲ್ಲಿ ನೀರು ಆವಿಯಾದಂತೆ ಲವಣಗಳು ಉಳಿದು ಸಾಂದ್ರವಾಗುತ್ತವೆ. ಒಂದು ಮಿತಿ ಮೀರಿದೊಡನೆ ಸ್ವಲ್ಪ ನೀರನ್ನು ಹೊರಬಿಟ್ಟು ಹೊಸ ನೀರು ಸೇರಿಸುವ ಸ್ವಯಂಚಾಲಿತ ಕವಾಟ ಇದನ್ನು ನೋಡಿಕೊಳ್ಳುತ್ತದೆ. ಅದಕ್ಕೆ ಆಧಾರವಾದ ವಿದ್ಯುದ್ವಾಹಕತೆಯ ಸೆನ್ಸರನ್ನು ಆಗಾಗ ಶುಚಿಗೊಳಿಸಿ ಸರಿಹೊಂದಿಸದಿದ್ದರೆ ನೀರು ಪೋಲಾಗುತ್ತದೆ, ಇಲ್ಲವೇ ಸುಣ್ಣ ಕಟ್ಟುತ್ತದೆ.

ಟವರಿನ ನೀರು ಜನರ ಆರೋಗ್ಯಕ್ಕೂ ಸಂಬಂಧಿಸಿದ ವಿಷಯ. 1976ರಲ್ಲಿ ಅಮೆರಿಕದ ಫಿಲಡೆಲ್ಫಿಯಾ ನಗರದ ಹೋಟೆಲೊಂದರಲ್ಲಿ ನಡೆದ ಮಾಜಿ ಸೈನಿಕರ ಸಮಾವೇಶದ ನಂತರ ಹಲವರು ತೀವ್ರ ನ್ಯುಮೋನಿಯಾದಿಂದ ಸತ್ತರು. ಮರುವರ್ಷ ಅದಕ್ಕೆ ಕಾರಣವಾದ ಬ್ಯಾಕ್ಟೀರಿಯಾ ಪತ್ತೆಯಾಯಿತು, ಮುಂದೆ ಲೀಜಿಯೊನೆಲ್ಲಾ ಎಂಬ ಹೆಸರು ಪಡೆಯಿತು. ಸುಮಾರು 20ರಿಂದ 45 ಡಿಗ್ರಿ ಸೆಲ್ಸಿಯಸ್ ನಡುವಿನ ನೀರಿನಲ್ಲಿ ಅದು ಬೆಳೆಯುತ್ತದೆ, ಕೂಲಿಂಗ್ ಟವರಿನ ನೀರು ಇರುವುದೂ ಬಹುಪಾಲು ಇದೇ ವ್ಯಾಪ್ತಿಯಲ್ಲಿ. ಟವರಿನಿಂದ ಹಾರುವ ಸಣ್ಣ ಹನಿಗಳನ್ನು ಉಸಿರಿನೊಡನೆ ಒಳಗೆಳೆದುಕೊಂಡವರಿಗೆ ಸೋಂಕು ತಗಲುತ್ತದೆ. ಆದ್ದರಿಂದ ತಳದ ಕೆಸರನ್ನು ತೆಗೆಯುವುದು, ಹನಿ ತಡೆಯುವ ಹಲಗೆಗಳು ಸರಿಯಾಗಿ ಕುಳಿತಿವೆಯೇ ಎಂದು ನೋಡುವುದು, ಕ್ರಿಮಿನಾಶಕದ ಪ್ರಮಾಣವನ್ನು ನಿಯಮಿತವಾಗಿ ಪರೀಕ್ಷಿಸುವುದು, ನೀರು ಹರಿಯದೆ ನಿಲ್ಲುವ ಪೈಪುಗಳನ್ನು ತೆಗೆದುಹಾಕುವುದು ಇವುಗಳಲ್ಲಿ ಯಾವುದನ್ನೂ ಖರ್ಚು ಉಳಿಸಲೆಂದು ಬಿಡಬಾರದು. ಹಲವು ವಾರ ನಿಂತಿದ್ದ ಟವರನ್ನು ಶುಚಿಗೊಳಿಸಿ ಸೋಂಕುರಹಿತಗೊಳಿಸದೆ ಮತ್ತೆ ಚಾಲೂ ಮಾಡಕೂಡದು. ಕಟ್ಟಡಗಳ ನೀರಿನ ವ್ಯವಸ್ಥೆಯಲ್ಲಿ ಈ ಅಪಾಯವನ್ನು ನಿಭಾಯಿಸುವ ಕ್ರಮಕ್ಕೆಂದೇ 2015ರಲ್ಲಿ ಆಶ್ರೇ ಸ್ಟ್ಯಾಂಡರ್ಡ್ 188 ಬಂದಿದೆ.

ಆರನೆಯ ಹೆಜ್ಜೆ: ಬಾಯ್ಲರ್ ಮತ್ತು ಬರ್ನರ್

ಉರಿಸಿ ಬಿಸಿಮಾಡುವ ಯಂತ್ರಗಳಲ್ಲಿ ಇಂಧನ ಉಳಿತಾಯಕ್ಕಿಂತ ಮೊದಲು ಯೋಚಿಸಬೇಕಾದದ್ದು ಜೀವದ ಸುರಕ್ಷತೆಯನ್ನು. ಸರಿಯಾಗಿ ಉರಿಯದ ಇಂಧನದಿಂದ ಹುಟ್ಟುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಶಾಖ ವಿನಿಮಯಕದಲ್ಲಿ ಬಿರುಕಿದ್ದರೆ, ಚಿಮಣಿ ಕಟ್ಟಿದ್ದರೆ, ಬರ್ನರಿಗೆ ಬೇಕಾದ ಗಾಳಿ ಬರುವ ಕಿಂಡಿಯನ್ನು ಚಳಿಯೆಂದು ಯಾರೋ ಮುಚ್ಚಿದ್ದರೆ ಅದು ಕಟ್ಟಡದೊಳಗೆ ಸೇರುತ್ತದೆ. ವರ್ಷಕ್ಕೊಮ್ಮೆಯಾದರೂ ಚಿಮಣಿಯ ಹೊಗೆಯನ್ನು ಉಪಕರಣದಿಂದ ವಿಶ್ಲೇಷಿಸಿ ಆಮ್ಲಜನಕ, ಕಾರ್ಬನ್ ಮಾನಾಕ್ಸೈಡ್ ಮತ್ತು ತಾಪಮಾನದ ಅಂಕಿಗಳನ್ನು ಬರೆದಿಡಬೇಕು. ಜ್ವಾಲೆಯ ಬಣ್ಣ ನೋಡಿ ಉರಿ ಚೆನ್ನಾಗಿದೆ ಎಂದು ಹೇಳುವುದು ಪರೀಕ್ಷೆಯಾಗುವುದಿಲ್ಲ.

ಹೊಗೆಯ ತಾಪಮಾನ ಹಿಂದಿನ ವರ್ಷಕ್ಕಿಂತ ಏರಿದ್ದರೆ ಶಾಖವು ನೀರಿಗೆ ಸೇರದೆ ಚಿಮಣಿಯ ಮೂಲಕ ಹೋಗುತ್ತಿದೆ ಎಂದರ್ಥ. ಸ್ಥೂಲವಾಗಿ ಪ್ರತಿ 20 ಡಿಗ್ರಿ ಏರಿಕೆಗೆ ದಕ್ಷತೆಯಲ್ಲಿ ಶೇ 1ರಷ್ಟು ನಷ್ಟ. ಕಾರಣ ಉರಿಯ ಬದಿಯ ಮಸಿಯೂ ಆಗಿರಬಹುದು, ನೀರಿನ ಬದಿಯ ಸುಣ್ಣವೂ ಆಗಿರಬಹುದು. ನೀರಿನ ಮಟ್ಟ ಇಳಿದಾಗ ಬರ್ನರನ್ನು ನಿಲ್ಲಿಸುವ ಸಾಧನ ಮತ್ತು ಒತ್ತಡ ಮೀರಿದಾಗ ತೆರೆದುಕೊಳ್ಳುವ ಸುರಕ್ಷತಾ ಕವಾಟ ಈ ಎರಡನ್ನೂ ಅರ್ಹತೆಯಿರುವ ನಿರ್ವಾಹಕರು ತಯಾರಕರ ವಿಧಾನದಂತೆ ಪರೀಕ್ಷಿಸಬೇಕು. ಮತ್ತೆ ಮತ್ತೆ ಟ್ರಿಪ್ ಆಗುವ ಸುರಕ್ಷತಾ ಸ್ವಿಚ್ಚನ್ನು ತಂತಿ ಜೋಡಿಸಿ ದಾಟಿಸುವವರನ್ನು ಆ ಕೆಲಸದಿಂದ ತಕ್ಷಣ ದೂರವಿಡಬೇಕು.

ಏಳನೆಯ ಹೆಜ್ಜೆ: ವಿದ್ಯುತ್ ಭಾಗಗಳು

ಇಲ್ಲಿ ಮುಖ್ಯವಾದ ಶತ್ರು ಸಡಿಲವಾದ ಸಂಪರ್ಕ. ಯಂತ್ರ ಹೊರೆಯ ಮೇಲಿರುವಾಗ ಇನ್‌ಫ್ರಾರೆಡ್ ಕ್ಯಾಮೆರಾದಿಂದ ಪ್ಯಾನೆಲನ್ನು ನೋಡಿದರೆ ಕಾಯುತ್ತಿರುವ ಟರ್ಮಿನಲ್ ಪ್ರತ್ಯೇಕವಾಗಿ ಎದ್ದು ಕಾಣುತ್ತದೆ. ಬಿಗಿ ಮಾಡುವ ಕೆಲಸವನ್ನು ಮಾತ್ರ ವಿದ್ಯುತ್ ಕಡಿದು, ಸ್ವಿಚ್ಚಿಗೆ ಬೀಗ ಹಾಕಿ, ಫಲಕ ತೂಗುಹಾಕಿದ ಮೇಲೆಯೇ ಮಾಡಬೇಕು. ಮೂರು ಫೇಸ್‌ಗಳ ವೋಲ್ಟೇಜನ್ನು ಹೋಲಿಸಿ ನೋಡಬೇಕು. ಸರಾಸರಿ 400 ಇದ್ದು ಒಂದು ಫೇಸ್ 392 ತೋರಿಸಿದರೆ ಅಸಮತೋಲನ ಶೇ 2. ಇದು ಚಿಕ್ಕದೆನ್ನಿಸಬಹುದು, ಆದರೆ ಅಸಮತೋಲನ ಶೇ 3.5 ಮುಟ್ಟಿದರೆ ಮೋಟಾರಿನ ತಾಪಮಾನದ ಏರಿಕೆ ಸುಮಾರು ಶೇ 25ರಷ್ಟು ಹೆಚ್ಚುತ್ತದೆ. ವೈಂಡಿಂಗಿನ ತಾಪಮಾನ 10 ಡಿಗ್ರಿ ಹೆಚ್ಚಾದರೆ ನಿರೋಧಕ ಹೊದಿಕೆಯ ಆಯುಸ್ಸು ಅರ್ಧಕ್ಕಿಳಿಯುತ್ತದೆ ಎಂಬುದು ಎಂಜಿನಿಯರುಗಳು ಒಪ್ಪಿ ಬಳಸುವ ಅಂದಾಜು.

ಎಂಟನೆಯ ಹೆಜ್ಜೆ: ನಿಯಂತ್ರಣ ವ್ಯವಸ್ಥೆ

ಯಂತ್ರಗಳೆಲ್ಲ ಹೊಸದರಂತಿದ್ದರೂ ಅವುಗಳಿಗೆ ಸಿಗುವ ಆದೇಶ ತಪ್ಪಾಗಿದ್ದರೆ ಪ್ರಯೋಜನವಿಲ್ಲ, ಮತ್ತು ನಿರ್ವಹಣಾ ಪಟ್ಟಿಗಳಲ್ಲಿ ಅತಿ ಹೆಚ್ಚು ಕಡೆಗಣನೆಗೆ ಒಳಗಾಗುವ ಭಾಗವೂ ಇದೇ. ಬಿಸಿಲು ಬೀಳುವ ಗೋಡೆಯ ಮೇಲಿರುವ, ಅಥವಾ ಪಕ್ಕದಲ್ಲಿ ಯಾರೋ ಫೋಟೋಕಾಪಿ ಯಂತ್ರ ತಂದಿಟ್ಟಿರುವ ಸೆನ್ಸರ್ ಇಡೀ ಅಂತಸ್ತನ್ನು ಅತಿಯಾಗಿ ತಣಿಸುತ್ತದೆ. ಹೊರಗಿನ ಗಾಳಿಯನ್ನು ಒಳಬಿಡುವ ಡ್ಯಾಂಪರುಗಳ ಕೀಲು ತುಕ್ಕು ಹಿಡಿದು ಸಿಕ್ಕಿಕೊಂಡಿದ್ದರೂ ಪರದೆಯ ಮೇಲೆ ಅವು ತೆರೆದಿವೆ ಎಂದೇ ತೋರುತ್ತಿರುತ್ತದೆ. ಆದೇಶ ಕೊಟ್ಟು, ಡ್ಯಾಂಪರ್ ಕದಲಿತೇ ಎಂದು ಒಬ್ಬರು ಹತ್ತಿರ ನಿಂತು ನೋಡಲೇಬೇಕು. ರಜೆಯ ದಿನದ ಕಾರ್ಯಕ್ರಮವೊಂದಕ್ಕೆಂದು ಬದಲಿಸಿದ ವೇಳಾಪಟ್ಟಿ ಹಾಗೆಯೇ ಉಳಿದು, ಖಾಲಿ ಕಟ್ಟಡ ರಾತ್ರಿಯಿಡೀ ತಂಪಾಗುತ್ತಿರುವ ಪ್ರಸಂಗಗಳು ಸಾಮಾನ್ಯ. ಒಂದೇ ಜಾಗವನ್ನು ಒಂದು ಘಟಕ ಬಿಸಿ ಮಾಡುತ್ತ ಇನ್ನೊಂದು ತಂಪು ಮಾಡುತ್ತಿರುವುದೂ ಉಂಟು. ಅಲ್ಲಿ ತಾಪಮಾನ ಸರಿಯಾಗಿಯೇ ಇರುತ್ತದೆ, ಆದ್ದರಿಂದ ಯಾರೂ ದೂರು ಕೊಡುವುದಿಲ್ಲ. ಬಿಸಿ ಮತ್ತು ತಂಪಿನ ಗುರಿ ತಾಪಮಾನಗಳ ನಡುವೆ ಸಾಕಷ್ಟು ಅಂತರವಿದೆಯೇ ಎಂದು ನೋಡುವುದರಿಂದ ಇದು ಬಹುಮಟ್ಟಿಗೆ ನಿಲ್ಲುತ್ತದೆ. ಸೆನ್ಸರುಗಳನ್ನು ನಂಬಲರ್ಹ ಥರ್ಮಾಮೀಟರಿನೊಂದಿಗೆ ವರ್ಷಕ್ಕೊಮ್ಮೆ ಹೋಲಿಸಬೇಕು.

ಒಂಬತ್ತನೆಯ ಹೆಜ್ಜೆ: ದಾಖಲೆ, ಒಪ್ಪಂದ ಮತ್ತು ಲೆಕ್ಕಾಚಾರ

ನಿರ್ವಹಣೆಯನ್ನು ಹೊರಗಿನ ಸಂಸ್ಥೆಗೆ ವಹಿಸುವುದಾದರೆ ಒಪ್ಪಂದದಲ್ಲಿ ಭೇಟಿಗಳ ಸಂಖ್ಯೆಗಿಂತ ಮೊದಲು ಕೆಲಸಗಳ ಪಟ್ಟಿಯೂ ದಾಖಲಿಸಬೇಕಾದ ಅಳತೆಗಳ ಪಟ್ಟಿಯೂ ಇರಬೇಕು. ವರದಿಯ ಪ್ರತಿ ಸಾಲಿನಲ್ಲೂ ಸರಿ ಗುರುತು ಮಾತ್ರ ಇದ್ದು ಒಂದೂ ಅಂಕಿ ಇಲ್ಲದಿದ್ದರೆ, ತಂತ್ರಜ್ಞರು ಯಂತ್ರದ ಬಳಿ ಹೋದರೆಂಬುದಕ್ಕೂ ಪುರಾವೆ ಸಿಗುವುದಿಲ್ಲ. ಬಂದ ವರದಿಯನ್ನು ಕಟ್ಟಡದ ಕಡೆಯ ಒಬ್ಬರು ಹಿಂದಿನ ವರದಿಗಳ ಪಕ್ಕದಲ್ಲಿಟ್ಟು ಓದಬೇಕು, ಅವರ ಹೆಸರು ಮೊದಲೇ ನಿಗದಿಯಾಗಿರಬೇಕು. ಯಾರೂ ಓದದ ಲಾಗ್ ಬುಕ್ಕಿನಲ್ಲಿ ಅಂಕಿಗಳು ಕ್ರಮೇಣ ನಕಲಾಗತೊಡಗುತ್ತವೆ: ಮೂರು ತಿಂಗಳು ಒಂದೇ ತಾಪಮಾನ, ಒಂದೇ ಒತ್ತಡ, ಒಂದೇ ಕರೆಂಟ್ ಕಂಡರೆ ಯಂತ್ರ ಸ್ಥಿರವಾಗಿದೆ ಎಂದು ಭಾವಿಸುವ ಮುನ್ನ ರೀಡಿಂಗ್ ನಿಜವಾಗಿಯೂ ತೆಗೆದರೇ ಎಂದು ವಿಚಾರಿಸುವುದು ಜಾಣತನ.

ನಿರ್ವಹಣೆಗೆ ಹಣ ಕೇಳುವಾಗ ಆಡಳಿತದ ಮುಂದೆ ಇಡಬೇಕಾದ ಲೆಕ್ಕ ಮೂರು ಬಗೆಯದು. ಕಂಡೆನ್ಸರಿನ ಉದಾಹರಣೆಯಲ್ಲಿ ಮಾಡಿದಂತೆ ಉಳಿಯುವ ವಿದ್ಯುತ್ತನ್ನು ತಮ್ಮದೇ ರೀಡಿಂಗುಗಳಿಂದ ತೋರಿಸಬಹುದು. ತುರ್ತು ದುರಸ್ತಿಗಳ ಸಂಖ್ಯೆಯನ್ನೂ ಅವುಗಳಿಂದ ವ್ಯವಹಾರ ನಿಂತ ಗಂಟೆಗಳನ್ನೂ ವರ್ಷದಿಂದ ವರ್ಷಕ್ಕೆ ಹೋಲಿಸಬಹುದು. ಕಾರ್ಯಕ್ರಮ ಆರಂಭಿಸಿದ ಮೊದಲ ವರ್ಷದಲ್ಲಿ ಅಡಗಿದ್ದ ದೋಷಗಳು ಹೊರಬರುವುದರಿಂದ ದುರಸ್ತಿಯ ಖರ್ಚು ಏರುವ ಸಾಧ್ಯತೆಯೇ ಹೆಚ್ಚೆಂದು ಮುಂಚೆಯೇ ತಿಳಿಸಿಬಿಡುವುದು ಕ್ಷೇಮ. ಮೂರನೆಯದು ಯಂತ್ರದ ಆಯುಸ್ಸು. ಛಾವಣಿಯ ಮೇಲೆ ಕೂರಿಸುವ ಘಟಕಗಳಿಗೆ ಸಾಮಾನ್ಯವಾಗಿ 15 ವರ್ಷ ಎಂದು ಲೆಕ್ಕ ಹಾಕುತ್ತಾರೆ. ಹದಿಮೂರನೆಯ ವರ್ಷದಲ್ಲಿ ಕಂಪ್ರೆಸರ್ ಕೆಟ್ಟಾಗ ಅದನ್ನು ಬದಲಿಸಬೇಕೇ, ಇಡೀ ಘಟಕವನ್ನೇ ಬದಲಿಸಬೇಕೇ ಎಂಬ ಪ್ರಶ್ನೆಗೆ ಕಾಯಿಲಿನ ಸ್ಥಿತಿ, ಸೋರಿಕೆಯ ಇತಿಹಾಸ, ಶೀತಕದ ಬಗೆ, ವಿದ್ಯುತ್ ಬಳಕೆಯ ಏರಿಕೆ ಇವೆಲ್ಲ ದಾಖಲೆಯಲ್ಲಿದ್ದರೆ ಒಂದು ಮಧ್ಯಾಹ್ನದಲ್ಲಿ ಉತ್ತರ ಸಿಗುತ್ತದೆ.

ಕೊನೆಯದಾಗಿ, ಬಿಡಿಭಾಗಗಳ ದಾಸ್ತಾನು. ಎಲ್ಲವನ್ನೂ ಕೊಂಡಿಡುವ ಅಗತ್ಯವಿಲ್ಲ. ಬೆಲ್ಟ್, ಫಿಲ್ಟರ್, ಫ್ಯೂಸ್, ಕಾಂಟ್ಯಾಕ್ಟರ್, ಕೆಪಾಸಿಟರ್, ಬರ್ನರಿನ ಕಿಡಿ ಹೊತ್ತಿಸುವ ಎಲೆಕ್ಟ್ರೋಡ್ ಇವುಗಳ ಒಂದೊಂದು ಜೊತೆ ಸಾಕು. ತರಿಸಲು ವಾರಗಟ್ಟಲೆ ಹಿಡಿಯುವ ನಿಯಂತ್ರಣ ಬೋರ್ಡು ನಿರ್ಣಾಯಕ ಯಂತ್ರದ್ದಾಗಿದ್ದರೆ ಅದನ್ನೂ ಸೇರಿಸಬಹುದು. ಬೆಲ್ಟುಗಳನ್ನು ಬಿಸಿಲು ತಾಗದ, ತಂಪಾದ ಒಣ ಜಾಗದಲ್ಲಿ ಮುರುಟದಂತೆ ಇಟ್ಟು, ಪ್ರತಿಯೊಂದರ ಮೇಲೂ ಮೊದಲ ಹೆಜ್ಜೆಯಲ್ಲಿ ಯಂತ್ರಕ್ಕೆ ಕೊಟ್ಟ ಸಂಖ್ಯೆಯನ್ನೂ ಕೊಂಡ ತಿಂಗಳನ್ನೂ ಬರೆಯಬೇಕು, ಮತ್ತು ಒಂದನ್ನು ತೆಗೆದ ದಿನವೇ ಇನ್ನೊಂದಕ್ಕೆ ಬೇಡಿಕೆ ಸಲ್ಲಿಸಬೇಕು.